ಸುತ್ತೋಲೆಗೆ ಬಂದ ಉತ್ತರ

ಅಪ್ಪ ಗಂಗಾವತಿ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 34 ವರ್ಷ ಮಾಸ್ತರರಾಗಿದ್ದವರು. ಕಳೆದ ಮೇ ತಿಂಗಳಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ರಾತ್ರಿ ಹತ್ತಾದರೂ ಆರದ ಬೆಳಕಿಗೆ ಅವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಹಾಗಾಗಿ ಊಟವಾದ ಮೇಲೆ ಇಬ್ಬರೂ ಬಂದರಿನ ತನಕ ನಡೆದು ಬರುತ್ತಿದ್ದೆವು. ಅಲ್ಲಿ ಒಂದು ದಿನ ಮಾತಿಗೆ ಮಾತು ಬಂದು, "1942ರಲ್ಲಿ ಈ ಊರಿನಿಂದಲೇ ಸುಮಾರು 500 ಶಿಕ್ಷಕರನ್ನು ಹಡಗಿಗೆ ತುಂಬಿ ಕಳಿಸಿದ್ದರು ಅಪ್ಪ" ಎಂದೆ.

ಅಪ್ಪ ನಿಂತುಬಿಟ್ಟರು. "ಮಾಸ್ತರರನ್ನೇ? ಏನು ತಪ್ಪು ಮಾಡಿದ್ದರು?"

"ಸುತ್ತೋಲೆಗೆ ಒಪ್ಪಲಿಲ್ಲ."

ಆಮೇಲೆ ಪೂರ್ತಿ ಹೇಳಲೇಬೇಕಾಯಿತು. ಜರ್ಮನಿಯ ಸೇನೆ 1940ರ ಏಪ್ರಿಲ್ 9ರಂದು ನಾರ್ವೆಗೆ ನುಗ್ಗಿತು. ಅವರ ಕೈಗೊಂಬೆ ಕ್ವಿಸ್ಲಿಂಗ್ 1942ರ ಫೆಬ್ರವರಿಯಲ್ಲಿ ಗಾದಿ ಹತ್ತಿದವನೇ ಮೊದಲು ಕೈ ಹಾಕಿದ್ದು ಶಾಲೆಗಳಿಗೆ. ಶಿಕ್ಷಕರೆಲ್ಲ ಅವನ ಹೊಸ ಸಂಘದ ಸದಸ್ಯರಾಗಬೇಕು, 10ರಿಂದ 18 ವರ್ಷದ ಮಕ್ಕಳೆಲ್ಲ ಅವನ ಪಕ್ಷದ ಯುವದಳ ಸೇರಬೇಕು ಎಂದು ಕಾನೂನಾಯಿತು. ಶಿಕ್ಷಕರು ಗುಟ್ಟಾಗಿ ಒಂದೇ ಒಕ್ಕಣೆಯನ್ನು ಊರಿಂದೂರಿಗೆ ದಾಟಿಸಿದರು. ಆ ದಾರಿಯಲ್ಲಿ ಮಕ್ಕಳನ್ನು ಬೆಳೆಸುವುದು ನನ್ನ ಮನಸ್ಸಾಕ್ಷಿಗೆ ಒಪ್ಪದು, ನಾನು ಆ ಸಂಘದ ಸದಸ್ಯನಲ್ಲ ಎಂಬುದು ಅದರ ಸಾರ. ದೇಶದ ಬಹುಪಾಲು ಶಿಕ್ಷಕರು ಇದನ್ನೇ ಬೇರೆಬೇರೆಯಾಗಿ ಬರೆದು, ಕೆಳಗೆ ತಮ್ಮ ಹೆಸರು ಹಾಕಿ ಅಂಚೆಗೆ ಹಾಕಿದರು.

"ಎಲ್ಲರೂ ಸೇರಿ ಒಂದೇ ಮನವಿ ಕೊಟ್ಟಿದ್ದರೆ?" ಎಂದು ನಾನೇ ಕೇಳಿದೆ.

"ಮೊದಲ ಸಹಿ ಹಾಕಿದವನನ್ನು ಹಿಡಿದೊಯ್ದರೆ ಮನವಿ ಮುಗಿಯಿತು. ಸಾವಿರಾರು ಮಂದಿ ತಮ್ಮ ತಮ್ಮ ಹೆಸರಿನಲ್ಲಿ ಬರೆದರೆ ಯಾರನ್ನು ಮುಂದಾಳು ಎನ್ನುತ್ತಾರೆ?" ಅಪ್ಪನಿಗೆ ಕಚೇರಿಯ ಕಾಗದಗಳ ಮರ್ಮ ನನಗಿಂತ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸಂಬಳ?"

ಸಂಬಳ ನಿಂತಿತು. ಅವರ ಮನೆಗಳಿಗಾಗಿ ಜನ ಗುಟ್ಟಾಗಿ ಹಣ ಕೂಡಿಸಿದರು. ಬೆಚ್ಚಗಿಡಲು ಉರುವಲಿಲ್ಲ ಎಂಬ ನೆಪ ಹೇಳಿ ಸರ್ಕಾರ ಶಾಲೆಗಳನ್ನು ಒಂದು ತಿಂಗಳು ಮುಚ್ಚಿದಾಗ ಪಾಠ ಮನೆಗಳಲ್ಲಿ ನಡೆಯಿತು. ತಂದೆತಾಯಂದಿರ ಪ್ರತಿಭಟನೆಯ ಪತ್ರಗಳು ಇಲಾಖೆಗೆ ಮೂಟೆಗಟ್ಟಲೆ ಬಂದು ಬಿದ್ದವು. ಮಾರ್ಚ್‌ನಲ್ಲಿ ಸುಮಾರು 1,100 ಶಿಕ್ಷಕರ ಬಂಧನವಾಯಿತು. ಶಿಬಿರದಲ್ಲಿ ಅವರನ್ನು ಹಿಮದ ಮೇಲೆ ತೆವಳಿಸಿದರು. ಅಷ್ಟಾದರೂ ಬಾಗದವರಲ್ಲಿ ಸುಮಾರು 500 ಮಂದಿಯನ್ನು ಇಲ್ಲಿಗೆ ತಂದು, ಅಷ್ಟು ಜನ ಹಿಡಿಸದ 'ಶೆರ್‌ಸ್ಟಾಡ್' ಎಂಬ ಹಡಗಿನಲ್ಲಿ ತುಂಬಿ, ರಷ್ಯಾದ ಗಡಿಯ ಹತ್ತಿರದ ಕಿರ್ಕೆನೆಸ್‌ಗೆ ಕಳಿಸಿದರು. ಅಲ್ಲಿ ಬಂದರಿನ ಸರಕು ಇಳಿಸುವ ಕೂಲಿ. ಉಳಿದ ಶಿಕ್ಷಕರು ತರಗತಿಗೆ ಮರಳಿದರು, ಆದರೆ ಸಂಘಕ್ಕೆ ಸೇರಲಿಲ್ಲ. ಕೊನೆಗೆ ಸಂಘ ಕಾಗದದ ಮೇಲೆಯೇ ಉಳಿಯಿತು. ನವೆಂಬರ್ ಹೊತ್ತಿಗೆ ಕಿರ್ಕೆನೆಸ್‌ಗೆ ಹೋದವರನ್ನೂ ಬಿಡಬೇಕಾಯಿತು.

ಮನೆಗೆ ಹಿಂದಿರುಗುವಾಗ ಅಪ್ಪ ಅಜ್ಜನ ಮಾತು ತೆಗೆದರು. 1948ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಅಜ್ಜ ಮನೆಮಂದಿಯನ್ನೆಲ್ಲ ರಾತ್ರೋರಾತ್ರಿ ಹರಿಗೋಲಿನಲ್ಲಿ ತುಂಗಭದ್ರೆ ದಾಟಿಸಿ ಕಂಪ್ಲಿ ಸೇರಿಸಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಹೊಳೆಯ ಈಚೆ ನಿಜಾಮನ ರಾಜ್ಯ, ಆಚೆ ಬಳ್ಳಾರಿ ಜಿಲ್ಲೆ. ನನಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. "ಯಾಕೆ ಯಾರೂ ಎದುರು ನಿಲ್ಲಲಿಲ್ಲ ಎಂದು ಒಮ್ಮೆ ನಿಮ್ಮಜ್ಜನನ್ನು ಕೇಳಿದ್ದೆ. ಒಬ್ಬನೇ ಒಲ್ಲೆ ಎಂದರೆ ಅವನ ಮನೆ ಸುಡುತ್ತಾರೆ, ಊರೆಲ್ಲ ಒಲ್ಲೆ ಎನ್ನುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ ಎಂದಿದ್ದ." ಅಜ್ಜನನ್ನು ಅಂಜುಬುರುಕನೆಂದು ನಾನು ಎಂದೂ ಎಣಿಸಿಲ್ಲ. ಮಕ್ಕಳನ್ನು ಉಳಿಸಿಕೊಂಡವನು ಅವನು.

ಮರುದಿನ ಅಪ್ಪನನ್ನು ಇನ್ನೊಂದು ಜಾಗಕ್ಕೆ ಕರೆದೊಯ್ದೆ. ಅದನ್ನು ತೋರಿಸದಿದ್ದರೆ ಹಿಂದಿನ ದಿನ ಹೇಳಿದ್ದು ಅರ್ಧ ಸತ್ಯವಾಗುತ್ತಿತ್ತು. ಒಂದು ಸಣ್ಣ ಉದ್ಯಾನದಲ್ಲಿ ಕುಳಿತ ಹುಡುಗಿಯ ಪ್ರತಿಮೆಯಿದೆ. ಹೆಸರು ಸಿಸ್ಸಿ ಕ್ಲೈನ್, ಯಹೂದಿ ಮನೆತನದವಳು, 13 ವರ್ಷ. ಶಿಕ್ಷಕರು ಇನ್ನೂ ಕಿರ್ಕೆನೆಸ್‌ನಲ್ಲಿದ್ದ 1942ರ ಅಕ್ಟೋಬರ್ 6ರಂದು ಪೊಲೀಸರು ಶಾಲೆಗೇ ಬಂದು ಅವಳನ್ನು ಕರೆದೊಯ್ದರು. ಮರುವರ್ಷ ಆಶ್ವಿಟ್ಜ್‌ನಲ್ಲಿ ಕೊಂದರು. ಯಹೂದಿಗಳ ಪರವಾಗಿ ಬಿಷಪ್ಪರು ಕ್ವಿಸ್ಲಿಂಗ್‌ಗೆ ಪತ್ರ ಬರೆದರು, ಆ ಪತ್ರವನ್ನು ಚರ್ಚುಗಳಲ್ಲಿ ಓದಿದರು. ಎಷ್ಟೋ ಮಂದಿ ಯಹೂದಿಗಳನ್ನು ಜನರೇ ಗಡಿ ದಾಟಿಸಿ ಸ್ವೀಡನ್ನಿಗೆ ಮುಟ್ಟಿಸಿದರು. ಆದರೂ ನವೆಂಬರ್ 26ರಂದು ಓಸ್ಲೋದಿಂದ 'ಡೋನಾವ್' ಹಡಗು 532 ಯಹೂದಿಗಳನ್ನು ಹೊತ್ತು ಹೊರಟಿತು. ಅವರನ್ನು ಹಿಡಿದು ತಂದವರಲ್ಲಿ ನಾರ್ವೆಯ ಪೊಲೀಸರೇ ಇದ್ದರು.

ಅಪ್ಪ ಪ್ರತಿಮೆಯ ಹತ್ತಿರ ಕುಳಿತರು. ಬಹಳ ಹೊತ್ತಿನ ಮೇಲೆ ಕೇಳಿದರು: "ಆ ದಿನ ತರಗತಿಯಲ್ಲಿದ್ದ ಮಾಸ್ತರು ಮರುದಿನ ಹಾಜರಿ ಕರೆದಿರಬೇಕಲ್ಲ. ಆ ಹೆಸರು ಬಂದಾಗ ಏನು ಮಾಡಿರಬೇಕು?"