ಚೆಕ್‌ಪೋಸ್ಟ್ ಹೋಯಿತು, ಡೀಸೆಲ್ ಉಳಿಯಿತಾ?

ಕೇರಳ-ಕರ್ನಾಟಕ ಗಡಿಯ ಹೊಸಂಗಡಿಯಲ್ಲಿ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಗಡಿ ತೆಗೆದು ಮಾರುಕಟ್ಟೆ ಒಂದು ಮಾಡಿದರೆ ಇಂಗಾಲದ ಹೊಗೆ ಕಮ್ಮಿಯಾಗುತ್ತದಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಕೋಳಿ.

ಹೌದು ಮಾರಾಯ್ರೆ, ಕೋಳಿ. ಜಿಎಸ್‌ಟಿಗೆ ಮೊದಲು ಕೇರಳದಲ್ಲಿ ಕೋಳಿಗೆ ಶೇ. 14.5 ತೆರಿಗೆ ಇತ್ತು. ಕಟ್ಟಲು ಮನಸ್ಸಿಲ್ಲದವರು ಮಂಜೇಶ್ವರದ ಚೆಕ್‌ಪೋಸ್ಟ್ ತಪ್ಪಿಸಿ ಒಳದಾರಿ ಹಿಡಿಯುತ್ತಿದ್ದರು. ರಾತ್ರಿ ಹೊತ್ತು, ಗುಡ್ಡ ಹತ್ತಿ ಇಳಿದು, ಸುತ್ತಿ ಬಳಸಿ. ನಿಯತ್ತಿನಿಂದ ಹೆದ್ದಾರಿಯಲ್ಲೇ ಬಂದ ಲಾರಿಗಳಿಗೆ ಕ್ಯೂ. ಸಾಲು ಆಗಾಗ ಒಂದು ಮಾರು ಮುಂದೆ ಸರಿಯುತ್ತದೆ, ಹಾಗಾಗಿ ಎಂಜಿನ್ ಬಂದ್ ಮಾಡುವ ಹಾಗಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಒಂದು ಇಂಚು ಸಾಮಾನು ಸಾಗದೆ ಉರಿದ ಡೀಸೆಲ್ ಅದು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ತೆರಿಗೆಯ ಚೆಕ್‌ಪೋಸ್ಟ್ ಎದ್ದುಹೋಯಿತು. ಮರುವರ್ಷ ಏಪ್ರಿಲ್‌ನಿಂದ ಇ-ವೇ ಬಿಲ್. ಈಗ ಲಾರಿ ಹೊರಡುವ ಮೊದಲೇ ಅದರ ಕಾಗದ ನನ್ನಂಥವರ ಕಂಪ್ಯೂಟರಿನಲ್ಲಿ ರೆಡಿ. ಇಷ್ಟರ ಮಟ್ಟಿಗೆ ಲಾಭವೇ.

ಆದರೆ ದಾರಿ ಸಲೀಸಾದರೆ ಲಾರಿ ಜಾಸ್ತಿ ಆಗುತ್ತದೆ ಅಲ್ವಾ? 1991ರಲ್ಲಿ ಗ್ರಾಸ್‌ಮನ್ ಮತ್ತು ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ ಆಗಲಿದ್ದ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದದ ಬಗ್ಗೆ ಇದನ್ನೇ ಬಿಡಿಸಿ ನೋಡಿದ್ದರು. ವ್ಯಾಪಾರ ಬೆಳೆದರೆ ಹೊಗೆಯೂ ಬೆಳೆಯುತ್ತದೆ. ಒಳ್ಳೆಯ ಯಂತ್ರ ಬಂದರೆ ಇಳಿಯುತ್ತದೆ. ಯಾವ ಕೆಲಸ ಯಾವ ಕಡೆಗೆ ಹೋಗುತ್ತದೆ ಎಂಬುದರ ಮೇಲೆ ಊರಿನಿಂದ ಊರಿಗೆ ಲೆಕ್ಕ ಬದಲಾಗುತ್ತದೆ. ಮೂರನ್ನೂ ಕೂಡಿಸಿ ಕಳೆದ ಮೇಲೆ ಉಳಿದದ್ದೇ ಉತ್ತರ. ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ.

ನಮ್ಮ ಕಡೆ ಕೆಲಸ ಕೆಟ್ಟದ್ದು ಅರ್ಧಕ್ಕೆ ನಿಲ್ಲಿಸಿದ್ದರಿಂದ. ಪೆಟ್ರೋಲು, ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗೆ. ಕೇರಳದಲ್ಲಿ ಒಂದು ರೇಟು, ಕರ್ನಾಟಕದಲ್ಲಿ ಇನ್ನೊಂದು. 2023ರ ಏಪ್ರಿಲ್‌ನಲ್ಲಿ ಕೇರಳ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಹಾಕಿತು. ತಲಪಾಡಿ ದಾಟಿದರೆ ಅಗ್ಗ. ಹಾಗಾಗಿ ನಮ್ಮವರು ಟ್ಯಾಂಕ್ ತುಂಬಿಸಲೆಂದೇ ಗಡಿಯಾಚೆ ಹೋಗುತ್ತಾರೆ. ಆಚೆ ಬೇರೇನೂ ಕೆಲಸ ಇರುವುದಿಲ್ಲ. ಉಪ್ಪಳದ ನಮ್ಮ ಅಣ್ಣನೂ ಇದರಲ್ಲಿ ಒಬ್ಬ. ಹೋಗಿ ಬರುವ ಖರ್ಚು ಕೂಡಿಸಿ ನೋಡು ಅಂದರೆ ನನ್ನ ಮೇಲೆಯೇ ರೇಗುತ್ತಾನೆ. ಅಂದು ಕೋಳಿ, ಇಂದು ಡೀಸೆಲ್. ಸುಮ್ನೆ ಸುತ್ತುವುದು ಮಾತ್ರ ತಪ್ಪಲಿಲ್ಲ.

ಯುರೋಪಿನವರು ಬುದ್ಧಿವಂತರು. ಮಾರುಕಟ್ಟೆ ಒಂದು ಮಾಡಿದವರು 2005ರಿಂದ ದೊಡ್ಡ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಹೊಗೆಗೂ ಒಂದೇ ಮಾರುಕಟ್ಟೆ ಮಾಡಿದರು, ಹೊಗೆ ಬಿಡುವ ಪರವಾನಗಿ ಕೊಂಡು ಮಾರುವುದಕ್ಕೆ. ಆಮೇಲೆ ಹೊರಗಿನಿಂದ ಬರುವ ಉಕ್ಕು, ಸಿಮೆಂಟಿಗೂ ಹೊಗೆಯ ಲೆಕ್ಕ ಕೇಳಲು ಶುರು ಮಾಡಿದರು. ಅದು ನಮ್ಮ ದೇಶದವರಿಗೆ ಕಿರಿಕಿರಿಯೇ, ಆ ಮಾತು ಬೇರೆ.

ನನಗೆ ನಿಜವಾಗಿ ಇಷ್ಟವಾಗುವುದು ಕೊಂಕಣ ರೈಲ್ವೆಯ ರೋ-ರೋ. 1999ರಲ್ಲಿ ಶುರುವಾದದ್ದು. ಸುರತ್ಕಲ್‌ನಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿಸುತ್ತಾರೆ. ದಾರಿಯುದ್ದಕ್ಕೂ ಲಾರಿಯ ಎಂಜಿನ್ ಬಂದ್. ನಮ್ಮ ಅಡಿಕೆ ಗುಜರಾತಿಗೆ ಹೋಗುವುದು ಬಹುತೇಕ ರಸ್ತೆಯಲ್ಲೇ. ಬಿಲ್ಲಿಗೆಂದು ಬಂದ ಡ್ರೈವರೊಬ್ಬರಲ್ಲಿ, ರೈಲಿಗೆ ಹಾಕಬಾರದಾ ಅಂತ ಕೇಳಿದೆ. "ರೈಲು ಹೊರಡುವವರೆಗೆ ಕಾಯಬೇಕಕ್ಕ. ಅಷ್ಟರಲ್ಲಿ ನಾನು ಕಾರವಾರ ದಾಟಿರುತ್ತೇನೆ" ಅಂದರು. ನಮ್ಮ ಕಡೆ ಹೆದ್ದಾರಿ ಆರು ಪಥ ಆದ ಮೇಲಂತೂ ಅವರನ್ನು ಒಪ್ಪಿಸುವುದು ಇನ್ನೂ ಕಷ್ಟ.