ಟೋಪಿ ಮೇಲೆ ಕಿರೀಟ, ಬೂಟಿನ ತುಂಬ ಧೂಳು

ಜುಲೈ ಬಂತು ಅಂದರೆ ನನ್ನ ಮನೆ ಪಿಕಪ್ ಟ್ರಕ್ಕೇ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಆಸುಪಾಸಿನ ದಿನಗಳಿಗೆ ರೋಡಿಯೊ (ಕೌಬಾಯ್‌ಗಳ ಕುದುರೆ ಸವಾರಿ, ದನ ಹಿಡಿಯುವ ಸ್ಪರ್ಧೆ) ಜನ 'ಕೌಬಾಯ್ ಕ್ರಿಸ್‌ಮಸ್' ಅನ್ನುತ್ತಾರೆ. ಊರೂರಲ್ಲಿ ಸ್ಪರ್ಧೆ, ಗೆದ್ದವರಿಗೆ ಒಳ್ಳೆ ದುಡ್ಡು. ಕಿರೀಟ ತೊಟ್ಟು, ಬಾವುಟ ಹಿಡಿದು ಕುದುರೆ ಮೇಲೆ ಅಖಾಡ ಸುತ್ತುವ ನನ್ನಂಥ ರೋಡಿಯೊ ರಾಣಿಗೆ ಮಾತ್ರ ಬರೀ ಓಡಾಟ! ವಯೋಮಿಂಗ್‌ನ ಕೋಡಿಯಲ್ಲಿ ಬೆಳಗ್ಗೆ ಪೆರೇಡ್, ಸಂಜೆ ಅಖಾಡ, ತಿಂಗಳ ಕೊನೆಗೆ 1897ರಲ್ಲಿ ಶುರುವಾದ ಶೈಯಾನ್ ಫ್ರಂಟಿಯರ್ ಡೇಸ್ ಅನ್ನುವ ರೋಡಿಯೊ, ನಡುವೆ ಟ್ರೇಲರ್‌ನಲ್ಲಿ ಕುದುರೆ ಹತ್ತಿಸಿಕೊಂಡು ರಾತ್ರಿಯೆಲ್ಲ ಡ್ರೈವಿಂಗ್.

ಎಲ್ಲರೂ ಕೇಳುವುದು ಒಂದೇ, ಅಷ್ಟು ಜೋರಾಗಿ ಕುದುರೆ ಓಡಿಸುವಾಗ ಟೋಪಿ ಹೇಗೆ ಬೀಳುವುದಿಲ್ಲ ಅಂತ. ರಾಶಿ ಹೇರ್‌ಪಿನ್, ಅದಕ್ಕಿಂತ ಜಾಸ್ತಿ ಹೇರ್‌ಸ್ಪ್ರೇ, ಅಷ್ಟೆ. ಆದರೂ ಕಳೆದ ವಾರ ಬಿತ್ತು. ಬಾವುಟ ಹಿಡಿದು ತಿರುವಿನಲ್ಲಿ ಬರುತ್ತಿದ್ದೆ, ಎದುರು ಗಾಳಿ ಹೊಡೆಯಿತು, ಟೋಪಿ ಕಿರೀಟದ ಸಮೇತ ಮಣ್ಣುಪಾಲು. ಬಾವುಟ ಬಿಡುವ ಹಾಗಿಲ್ಲ, ನಗು ನಿಲ್ಲಿಸುವ ಹಾಗಿಲ್ಲ, ಹಣೆ ಮೇಲೆ ಟೋಪಿಯ ಕೆಂಪು ಗೆರೆ ಹೊತ್ತುಕೊಂಡೇ ಸುತ್ತು ಮುಗಿಸಿದೆ.

ನನಗೆ ನಿಜವಾಗಿ ಇಷ್ಟವಾಗುವುದು ಆಮೇಲಿನ ಕೆಲಸ. ಹಗ್ಗ ಬೀಸಿ ಕರು ಹಿಡಿಯುವ ಸ್ಪರ್ಧೆ ಮುಗಿದಾಗ ಆ ಕರುಗಳನ್ನು ಅಖಾಡದಿಂದ ಆಚೆ ಅಟ್ಟಬೇಕು. ನಾನು ರಾಣಿ ಅಂತ ಕರುವಿಗೆ ಗೊತ್ತಾ? ಮೊನ್ನೆ ಒಂದು ಗೇಟಿನವರೆಗೂ ಬಂದು, ನನ್ನನ್ನೇ ದಿಟ್ಟಿಸಿ, ವಾಪಸ್ ಓಡಿತು. ಪ್ರೇಕ್ಷಕರು ಚಪ್ಪಾಳೆ ಹೊಡೆದದ್ದು ಅದಕ್ಕೇ.