ನಡುರಾತ್ರಿ ನೆತ್ತಿಗೆ ಬರುವ ಗೆಲಾಕ್ಸಿಗಳು

30 ಮಾರ್ಚ್ 2025, ರವಿವಾರ
ಕಾರವಾರ

ನಿನ್ನೆ ಅಮಾವಾಸ್ಯೆ. ಇವತ್ತು ಯುಗಾದಿ, ನಾಳೆ ಈದ್ ರಜೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿಯ ನಡುವೆ ಎರಡು ದಿನ ಬಿಡುವು. ಕತ್ತಲೆ, ಬಿಡುವು, ಮೋಡವಿಲ್ಲದ ಆಕಾಶ ಮೂರೂ ಕೂಡಿ ಬರುವುದು ಅಪರೂಪ. ಮಾರ್ಚ್ ಕೊನೆಯಲ್ಲಂತೂ ಇನ್ನೂ ಅಪರೂಪ. ಇನ್ನೊಂದು ತಿಂಗಳಿಗೆ ಮುಂಗಾರಿನ ಮೊದಲ ಮೋಡಗಳು ಶುರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಆಕಾಶದ ಮಾತೇ ಇಲ್ಲ.

ಟೆಲಿಸ್ಕೋಪನ್ನು ಸಂಜೆಯೇ ತಾರಸಿಗೆ ಏರಿಸಿಟ್ಟೆ. 150 ಮಿಲಿಮೀಟರ್ ಕನ್ನಡಿಯ ನ್ಯೂಟೋನಿಯನ್, ನಾಭಿದೂರ 750. ಅದರ ಪಕ್ಕಕ್ಕೆ ಜೋಡಿಸಿದ್ದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ. ನೋಡಬೇಕಿದ್ದದ್ದು ಸಿಂಹ ಮತ್ತು ಕನ್ಯಾ ರಾಶಿಗಳ ಗೆಲಾಕ್ಸಿಗಳನ್ನು.

ಹುಬ್ಬೆ ಮಳೆ, ಉತ್ತರೆ ಮಳೆ ಎಂದರೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಹುಬ್ಬೆ ಎಲ್ಲಿದೆ, ತೋರಿಸು ಎಂದರೆ ದೊಡ್ಡವರಲ್ಲೂ ಹೆಚ್ಚಿನವರು ತೋರಿಸಲಾರರು. ಅದಕ್ಕೆ ಕಾರಣವೂ ಇದೆ. ಹುಬ್ಬೆ ಮಳೆ ಎನ್ನುವುದು ಸೂರ್ಯ ಆ ನಕ್ಷತ್ರದಲ್ಲಿರುವ ದಿನಗಳಿಗೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಹೆಸರು ಬಾಯಲ್ಲಿರುವ ಹೊತ್ತಿಗೆ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ, ಮೇಲಿಂದ ಮಳೆ ಬೇರೆ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಮಾರ್ಚ್‌ನಲ್ಲಿ ಹುಬ್ಬೆ ಮತ್ತು ಉತ್ತರೆ ನಡುರಾತ್ರಿಯ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ಬರುತ್ತವೆ. ಹುಬ್ಬೆಯ ಎರಡು ನಕ್ಷತ್ರಗಳಲ್ಲಿ ದಕ್ಷಿಣದ್ದರಿಂದ ಇನ್ನೂ ಸ್ವಲ್ಪ ದಕ್ಷಿಣಕ್ಕೆ ಹೋದರೆ ಮೂರು ಗೆಲಾಕ್ಸಿಗಳ ಗುಂಪು: ಎಂ65, ಎಂ66, ಎನ್‌ಜಿಸಿ 3628. ಸುಮಾರು ಮೂರೂವರೆ ಕೋಟಿ ಜ್ಯೋತಿರ್ವರ್ಷ ದೂರ. ಮೊದಲೆರಡು 1780ರಲ್ಲಿ ಫ್ರೆಂಚ್ ಖಗೋಳ ವಿಜ್ಞಾನಿ ಮೆಸಿಯೆಯ ಪಟ್ಟಿ ಸೇರಿದವು, ಎಂ ಎಂಬುದು ಅವರ ಹೆಸರಿನ ಮೊದಲಕ್ಷರ. ಎನ್‌ಜಿಸಿ ಎಂಬುದು ಆಮೇಲೆ ಬಂದ ಇನ್ನೊಂದು ದೊಡ್ಡ ಪಟ್ಟಿ. ಮೂರನೆಯದು ಅವರ ಪಟ್ಟಿಯಲ್ಲಿ ಇಲ್ಲ, ಅಷ್ಟು ಮಸುಕು. ನಾಲ್ಕು ವರ್ಷದ ಮೇಲೆ ವಿಲಿಯಂ ಹರ್ಷೆಲ್ ಅದನ್ನು ಕಂಡರು.

ನಾನು ಕಾರವಾರದ ನಟ್ಟನಡುವೆ ಕೂತು ಗೆಲಾಕ್ಸಿಗಳ ಹಿಂದೆ ಬೀಳಲು ಮುಖ್ಯ ಕಾರಣ ನಮ್ಮ ಅಕ್ಷಾಂಶ. ನಾವಿರುವುದು ಉತ್ತರಕ್ಕೆ 14.8 ಡಿಗ್ರಿಯಲ್ಲಿ. ಈ ಮೂರು ಗೆಲಾಕ್ಸಿಗಳು ಆಕಾಶದ ಸಮಭಾಜಕದಿಂದ, ಎಂದರೆ ಭೂಮಧ್ಯರೇಖೆಯ ನೇರ ಮೇಲಿನ ಗೆರೆಯಿಂದ, ಉತ್ತರಕ್ಕೆ ಸುಮಾರು 13 ಡಿಗ್ರಿ. ಎಂದರೆ ಸರಿಯಾಗಿ ನೆತ್ತಿಗೆ ಬಂದಾಗ ಎರಡು ಡಿಗ್ರಿಯೂ ಆಚೀಚೆ ಇಲ್ಲ. ಕನ್ಯಾ ರಾಶಿಯ ದೊಡ್ಡ ಗೆಲಾಕ್ಸಿ ಗುಚ್ಛದ ನಡುಭಾಗವೂ ಇದೇ ದಾರಿಯಲ್ಲಿ ಹೋಗುತ್ತದೆ. ಲಂಡನ್ನಿನವರಿಗೆ ಎಂ66 ಎಷ್ಟೇ ಏರಿದರೂ 52 ಡಿಗ್ರಿ ದಾಟುವುದಿಲ್ಲ. ಊರ ಬೆಳಕು ದಟ್ಟವಾಗಿರುವುದು ದಿಗಂತದ ಸುತ್ತ. ನೆತ್ತಿಯ ಮೇಲೆ ಗಾಳಿಯ ಪದರ ತೆಳು, ಅಲ್ಲಿಂದ ಚದುರಿ ಬರುವ ಬೆಳಕೂ ಕಡಿಮೆ. ದಕ್ಷಿಣಕ್ಕೆ ಅರಗಾದ ನೌಕಾನೆಲೆ, ನೈರುತ್ಯಕ್ಕೆ ಬೈತಖೋಲ್ ಬಂದರು, ಸುತ್ತ ಪೇಟೆ. ಇವುಗಳ ನಡುವೆ ಉಳಿದ ಸ್ವಲ್ಪ ಕತ್ತಲೆ ತಲೆಯ ಮೇಲೆಯೇ ಇದೆ, ಮತ್ತು ಆಕಾಶದಲ್ಲಿ ಗೆಲಾಕ್ಸಿಗಳು ಅತಿ ದಟ್ಟವಾಗಿರುವ ಭಾಗ ಅದೇ ಕಿಂಡಿಯಿಂದ ಹಾದುಹೋಗುತ್ತದೆ. ಇದಕ್ಕಿಂತ ದೊಡ್ಡ ಕೊಡುಗೆ ಯಾವ ಊರಿಗೆ ಸಿಕ್ಕಿದೆ?

ಇದೇ ಅಕ್ಷಾಂಶದ ಇನ್ನೊಂದು ಮುಖವೆಂದರೆ ಧ್ರುವ ನಕ್ಷತ್ರ. ಅದು ನಮಗೆ ಉತ್ತರ ದಿಗಂತದಿಂದ ಹದಿನೈದು ಡಿಗ್ರಿ ಮಾತ್ರ ಮೇಲೆ. ನಮ್ಮ ತಾರಸಿಯಿಂದ ಆ ದಿಕ್ಕಿಗೆ ತೆಂಗಿನ ಮರ, ಅದರಾಚೆ ಹೊಸ ಅಪಾರ್ಟ್‌ಮೆಂಟ್. ಕಂಡ ದಿನವೂ ಸಮುದ್ರದ ತೇವದಲ್ಲಿ ಮಂಕು. ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟಿನ ಅಕ್ಷವನ್ನು ಧ್ರುವಕ್ಕೆ ಹೊಂದಿಸದೆ ನಕ್ಷತ್ರಗಳು ಚುಕ್ಕೆಯಾಗಿ ನಿಲ್ಲುವುದಿಲ್ಲ, ಗೆರೆಯಾಗುತ್ತವೆ. ಈಗ ಪೂರ್ವದ ಆಕಾಶದಲ್ಲಿ ಮೂರು ಕಡೆ ಫೋಟೋ ತೆಗೆದರೆ ಸಾಕು, ಲ್ಯಾಪ್‌ಟಾಪ್ ಅವುಗಳಲ್ಲಿನ ನಕ್ಷತ್ರಗಳನ್ನು ಗುರುತು ಹಿಡಿದು ಅಕ್ಷ ಎಷ್ಟು ಓರೆಯಾಗಿದೆ ಎಂದು ಹೇಳುತ್ತದೆ. ಇನ್ನೂ ಒಂದು ತೊಡಕಿತ್ತು. ಅಕ್ಷವನ್ನು ಇಷ್ಟು ತಗ್ಗಿಸಿದಾಗ ಸಮತೂಕಕ್ಕೆ ಹಾಕಿದ ಭಾರದ ಗುಂಡಿನ ಸರಳು ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. ಮಾರುಕಟ್ಟೆಯ ಎಷ್ಟೋ ಮೌಂಟುಗಳು ಯುರೋಪು, ಅಮೆರಿಕದ ಅಕ್ಷಾಂಶಕ್ಕೆ ಹೊಂದುವಂತೆ ಮಾಡಿದವು. ನಡುವೆ ಒಂದು ಕಬ್ಬಿಣದ ಕೊಳವೆಯ ತುಂಡು ಕೂರಿಸಿ ಎತ್ತರಿಸಿಕೊಂಡಿದ್ದೇನೆ. ವೆಲ್ಡಿಂಗ್ ಅಂಗಡಿಯವರು ಅಳತೆ ಹಿಡಿದು ಚೊಕ್ಕವಾಗಿ ಮಾಡಿಕೊಟ್ಟರು.

ಒಂಬತ್ತರ ಹೊತ್ತಿಗೆ ಪಕ್ಕದ ಮನೆಯ ತಾರಸಿಯಿಂದ ದನಿ ಬಂತು. ಮೀನು ಬೋಟಿನಲ್ಲಿ ತಾಂಡೇಲರಾಗಿ, ಎಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ ದುಡಿದು ಈಗ ಮನೆಯಲ್ಲಿರುವ ಹಿರಿಯರು.

"ಅಕ್ಕೋರೇ, ಇವತ್ತು ಕಾಣ್ತದಾ?"

"ಕಾಣ್ತದೆ ಮಾವ. ಹಬ್ಬದ ಪೇಟೆ ಮುಗೀಲಿ, ಅಂಗಡಿ ದೀಪ ಆರ್ಲಿ."

"ಅಮಾಸೆ ಕತ್ತಲೆ ನಿಮಗೂ ಬೇಕು, ಲೈಟ್ ಹಾಕಿ ಮೀನು ಹಿಡಿಯೋರಿಗೂ ಬೇಕು. ಅಲ್ನೋಡಿ."

ಪಶ್ಚಿಮಕ್ಕೆ ಕಡಲ ಅಂಚಿನಲ್ಲಿ ಬೆಳ್ಳಗೆ ಒಂದು ಹೊಳಪು. ಬೆಳದಿಂಗಳಿದ್ದರೆ ಮೀನು ದೀಪಕ್ಕೆ ಅಷ್ಟು ಕೂಡುವುದಿಲ್ಲ, ಆದ್ದರಿಂದ ಈ ಮೀನುಗಾರಿಕೆಗೆ ಅಮಾವಾಸ್ಯೆಯ ಆಸುಪಾಸೇ ಒಳ್ಳೆಯ ಕಾಲ. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ಮಾವನ ಸಂಕಟ ಆಕಾಶದ್ದಲ್ಲ. ಮರಿ ಮೀನೂ ಬಲೆಗೆ ಬರ್ತದೆ, ಚಿಕ್ಕ ಪಾತಿ ದೋಣಿಯವರಿಗೆ ಏನು ಉಳೀತದೆ ಎಂಬುದು ಅವರ ಪ್ರಶ್ನೆ. ನನ್ನ ಬೇಸರಕ್ಕಿಂತ ಅದು ಎಷ್ಟೋ ದೊಡ್ಡದು. ಅವರಿಗೆ ನಕ್ಷತ್ರ ನೋಡಿ ದಿಕ್ಕು ಹಿಡಿದ ಅನುಭವವಿದೆ. ಗಾಳಿಯ ವಿಷಯದಲ್ಲಿ ನಾನು ಅವರನ್ನೇ ಕೇಳುವುದು. "ಇನ್ನೊಂದು ತಾಸಿಗೆ ಮೂಡಗಾಳಿ ತಿರುಗ್ತದೆ" ಎಂದರು, ಹಾಗೇ ಆಯಿತು. ಘಟ್ಟದ ಕಡೆಯಿಂದ ಗಾಳಿ ಬೀಸತೊಡಗಿದರೆ ಇಬ್ಬನಿಯ ಕಾಟ ಸ್ವಲ್ಪ ಇಳಿಯುತ್ತದೆ. ಆದರೂ ಕೊಳವೆಯೊಳಗಿನ ಚಿಕ್ಕ ಕನ್ನಡಿಗೆ ಬೆಚ್ಚಗಿನ ಪಟ್ಟಿ ಸುತ್ತದೆ ಕರಾವಳಿಯಲ್ಲಿ ಒಂದು ತಾಸೂ ಕೆಲಸ ಸಾಗದು. ಉಪ್ಪುಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ ಎಂದು ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಒರೆಸಿ ಒಳಗಿಡಬೇಕು.

ಒಂದೊಂದು ಫೋಟೋಗೆ 60 ಸೆಕೆಂಡು. ಅದಕ್ಕಿಂತ ಹೆಚ್ಚು ಬಿಟ್ಟರೆ ಇಡೀ ಚೌಕಟ್ಟು ಊರ ಬೆಳಕಿನಿಂದ ಬಿಳುಚುತ್ತದೆ. ಹೀಗೆ ಹನ್ನೊಂದೂವರೆವರೆಗೆ ಸಿಂಹದ ಮೂವರು. ಆಮೇಲೆ ಕನ್ಯಾದ ಕಡೆ ತಿರುಗಿಸಿ ಬೆಳಗಿನ ಎರಡರ ತನಕ ಮಾರ್ಕೇರಿಯನ್ ಸರಪಳಿ. ಅರ್ಮೇನಿಯಾದ ಖಗೋಳ ವಿಜ್ಞಾನಿ ಬೆಂಜಮಿನ್ ಮಾರ್ಕೇರಿಯನ್ ಹೆಸರಿನ ಗೆಲಾಕ್ಸಿಗಳ ಸಾಲು ಅದು. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಆ ಗುಚ್ಛದಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿವೆ. 2019ರ ಏಪ್ರಿಲ್ 10ರಂದು ಜಗತ್ತು ಮೊದಲ ಬಾರಿಗೆ ನೋಡಿದ ಕಪ್ಪುಕುಳಿಯ ಚಿತ್ರ ಇದೇ ಗುಚ್ಛದ ಎಂ87ರದ್ದು, 650 ಕೋಟಿ ಸೂರ್ಯರ ತೂಕದ್ದು. ಅದು ನನ್ನ ಚೌಕಟ್ಟಿನಿಂದ ಸ್ವಲ್ಪವೇ ಹೊರಗೆ ಉಳಿಯಿತು. ಈ ಬೆಳಕು ಅಲ್ಲಿಂದ ಹೊರಟಾಗ ಭಾರತದ ಭೂಫಲಕ ಏಷ್ಯಾಕ್ಕೆ ತಾಗುತ್ತಿದ್ದ ಕಾಲ, ಹಿಮಾಲಯ ಇನ್ನೂ ಎದ್ದಿರಲಿಲ್ಲ. ಒಂದೇ ಬಿಡಿ ಫೋಟೋದಲ್ಲಿ ಆ ಸರಪಳಿಯ ಎಂ84, ಎಂ86 ಎರಡು ಮಸುಕು ಚುಕ್ಕೆಗಳಾಗಿ ಕ್ಯಾಮೆರಾದ ಹಿಂಬದಿಯ ತೆರೆಯ ಮೇಲೆ ಮೂಡಿದಾಗ ನಾನು ಗಟ್ಟಿಯಾಗಿ "ಬಂತು!" ಎಂದೆ. ಮಾವ ಇಣುಕಿ ನೋಡಿದರು. ಬಹಳ ಹೊತ್ತು ನೋಡಿದರು.

31 ಮಾರ್ಚ್ 2025, ಸೋಮವಾರ

ಇವತ್ತಿಡೀ ಫೋಟೋಗಳನ್ನು ಒಟ್ಟುಗೂಡಿಸುವ ಕೆಲಸ. ಊರೊಳಗಿಂದ ಇದು ಸಾಧ್ಯವೇ ಎಂದು ಕೇಳುವವರಿಗೆ ಲೆಕ್ಕ ಬರೆದಿಡುತ್ತೇನೆ.

ಹೊಳಪಿನ ಅಳತೆ ಮ್ಯಾಗ್ನಿಟ್ಯೂಡ್, ಅಂಕಿ ಹೆಚ್ಚಿದಷ್ಟೂ ಮಸುಕು. ನಮ್ಮಂಥ ಊರಿನ ಆಕಾಶದ ಹೊಳಪು ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) 19ನೇ ಮ್ಯಾಗ್ನಿಟ್ಯೂಡಿನ ಆಸುಪಾಸು. ಗೆಲಾಕ್ಸಿಯ ಸುರುಳಿ ತೋಳಿನ ಹೊರಭಾಗ 23ರಷ್ಟು. ನಾಲ್ಕು ಮ್ಯಾಗ್ನಿಟ್ಯೂಡ್ ವ್ಯತ್ಯಾಸವೆಂದರೆ 40 ಪಟ್ಟು. ಅಲ್ಲಿಂದ ಕ್ಯಾಮೆರಾಕ್ಕೆ ಗೆಲಾಕ್ಸಿಯ ಒಂದು ಬೆಳಕಿನ ಕಣ ಬಂದರೆ ಅದರ ಜೊತೆ ಊರಿನ 40 ಕಣಗಳು ಬರುತ್ತವೆ. ಕಣ್ಣಿಗೆ ಏನೂ ಕಾಣದಿರುವುದು ಇದರಿಂದಲೇ. ಆದರೆ ಊರ ಬೆಳಕು ಗೆಲಾಕ್ಸಿಯ ಬೆಳಕನ್ನು ಅಳಿಸುವುದಿಲ್ಲ, ಅದರ ಮೇಲೆ ಕೂಡಿಕೊಳ್ಳುತ್ತದೆ ಅಷ್ಟೇ. ಕೂಡಿದ್ದನ್ನು ಕಳೆಯಬಹುದು. ಕಳೆಯಲಾಗದೆ ಉಳಿಯುವುದು ಆ ಬೆಳಕಿನ ಏರುಪೇರು. ಮೀನುಪೇಟೆಯ ಗದ್ದಲದಲ್ಲಿ ಒಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರೆ ಕೊನೆಗೆ ಕಿವಿ ಅದನ್ನು ಹಿಡಿಯುತ್ತದಲ್ಲ, ಹಾಗೆ. ಗೆಲಾಕ್ಸಿ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಇರುತ್ತದೆ, ಏರುಪೇರು ಒಂದೊಂದರಲ್ಲೂ ಬೇರೆ. ಕೂಡಿಸುತ್ತ ಹೋದಂತೆ ಗೆಲಾಕ್ಸಿ ಸಮಯದ ಪ್ರಮಾಣದಲ್ಲಿ ಬೆಳೆಯುತ್ತದೆ, ಏರುಪೇರು ಸಮಯದ ವರ್ಗಮೂಲದಷ್ಟು ಮಾತ್ರ. ನಾಲ್ಕು ಪಟ್ಟು ಹೊತ್ತು ಕೊಟ್ಟರೆ ಚಿತ್ರ ಎರಡು ಪಟ್ಟು ಸ್ಪಷ್ಟ.

ಜೋಯಿಡಾದ ಕಾಡಿನಂಥ ಕಡೆ ಆಕಾಶ 21.5 ದಾಟುತ್ತದೆ. ಅಲ್ಲಿ ಒಂದು ತಾಸಿನಲ್ಲಿ ಸಿಗುವುದಕ್ಕೆ ಇಲ್ಲಿ ಹತ್ತು ತಾಸು ಬೇಕು. ಹತ್ತು ತಾಸು ಎಂದರೆ ಹೆದರಬೇಕಿಲ್ಲ, ಒಂದೇ ರಾತ್ರಿ ಆಗಬೇಕೆಂದಿಲ್ಲವಲ್ಲ. ಈ ವರ್ಷ ಸ್ವಲ್ಪ, ಬರುವ ವರ್ಷ ಸ್ವಲ್ಪ ಸೇರಿಸಬಹುದು. ಮನೆಯ ತಾರಸಿಗೆ ಹತ್ತುವುದು ಸುಲಭ. ಹುಲಿ ಸಂರಕ್ಷಿತ ಕಾಡಿನ ದಾರಿಯಲ್ಲಿ ನಡುರಾತ್ರಿ ನಿಲ್ಲುವುದು ಆಗದ ಮಾತು, ಆಗಲೂ ಬಾರದು.

ಫಿಲ್ಟರ್ ಹಾಕಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ನೀಹಾರಿಕೆಗಳಿಗೆ ಆಗುತ್ತದೆ, ಅವು ಹೈಡ್ರೋಜನ್, ಆಮ್ಲಜನಕದ ಕೆಲವೇ ಬಣ್ಣಗಳಲ್ಲಿ ಹೊಳೆಯುವಂಥವು. ಗೆಲಾಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳದ್ದು, ಎಲ್ಲ ಬಣ್ಣವೂ ಅದರಲ್ಲಿದೆ. ಬೀದಿಯಲ್ಲಿ ಹಳದಿ ಸೋಡಿಯಂ ದೀಪಗಳಿದ್ದಾಗ 589 ನ್ಯಾನೊಮೀಟರಿನ ಸುತ್ತಲಿನ ಬೆಳಕನ್ನು ತಡೆದರೆ ದೊಡ್ಡ ಪಾಲು ನಿಲ್ಲುತ್ತಿತ್ತು. ಬಿಳಿ ಎಲ್‌ಇಡಿ ಬಂದ ಮೇಲೆ ಆ ದಾರಿ ಮುಚ್ಚಿತು. ಅದರ ಬೆಳಕೂ ಎಲ್ಲ ಬಣ್ಣದ್ದು, ನೀಲಿ ಜಾಸ್ತಿ, ಮತ್ತು ನೀಲಿಯೇ ಗಾಳಿಯಲ್ಲಿ ಹೆಚ್ಚು ಚದುರುವುದು. ವಿದ್ಯುತ್ ಉಳಿಯಿತು, ಅದು ಒಳ್ಳೆಯದೇ. ಅದೇ ದೀಪಕ್ಕೆ ಮೇಲಿಂದ ಒಂದು ಮುಚ್ಚಿಗೆ, ಸ್ವಲ್ಪ ಹಳದಿ ಛಾಯೆಯ ಬಲ್ಬು ಹಾಕಿದ್ದರೆ ರಸ್ತೆಗೂ ಬೆಳಕು, ಆಕಾಶಕ್ಕೂ ಕತ್ತಲೆ ಸಿಗುತ್ತಿತ್ತು. ನಮ್ಮ ದೇವಬಾಗ, ಮಾಜಾಳಿಯ ಕಡಲತೀರಗಳಲ್ಲಾದರೂ ಇದನ್ನು ಮಾಡಲೇಬೇಕು. ಕಡಲಾಮೆಯ ಮರಿಗಳು ಮರಳಿನಿಂದ ಎದ್ದು ನೀರಿಗೆ ಹೋಗುವುದು ಬೆಳಕಿನ ದಿಕ್ಕು ನೋಡಿಯೇ. ದಂಡೆಯ ದೀಪ ಅವಕ್ಕೆ ದಾರಿ ತಪ್ಪಿಸುತ್ತದೆ.

ಸಂಜೆಯ ಹೊತ್ತಿಗೆ ಸಿಂಹದ ಮೂವರ ಚಿತ್ರ ಒಂದು ಹದಕ್ಕೆ ಬಂತು. ಎಂ66ರ ತೋಳು ಒಂದು ಕಡೆ ಎಳೆದಂತೆ ಸೊಟ್ಟಗಿರುವುದು ಚೆನ್ನಾಗಿ ಕಾಣುತ್ತದೆ. ನೆರೆಯ ಗೆಲಾಕ್ಸಿಗಳ ಗುರುತ್ವದ ಎಳೆತವೇ ಅದಕ್ಕೆ ಕಾರಣವೆನ್ನುತ್ತಾರೆ. ಎನ್‌ಜಿಸಿ 3628 ಅಡ್ಡಲಾಗಿ ಮಲಗಿದೆ, ನಡುವೆ ದೂಳಿನ ಕಪ್ಪು ಪಟ್ಟಿ. ಅದರ ತುದಿಯಿಂದ ಸುಮಾರು ಮೂರು ಲಕ್ಷ ಜ್ಯೋತಿರ್ವರ್ಷ ಉದ್ದದ ನಕ್ಷತ್ರಗಳ ಬಾಲ ಹೊರಟಿದೆ. ಅದು ನನ್ನ ಚಿತ್ರದಲ್ಲಿ ಇನ್ನೂ ಇಲ್ಲ. ಈಗ ಕೂಡಿರುವುದು ಎರಡು ತಾಸಿನ ಬೆಳಕು. ಬಾಲದ ಬುಡವಾದರೂ ಕಾಣಬೇಕೆಂದರೆ ಇದರ ಹತ್ತಿಪ್ಪತ್ತು ಪಟ್ಟು ಬೇಕಾದೀತು.

ಮುಂದಿನ ಅಮಾವಾಸ್ಯೆ ಏಪ್ರಿಲ್ 27, ರವಿವಾರ. ಅಷ್ಟರಲ್ಲಿ ಸಿಂಹ ಕತ್ತಲಾಗಿ ಎರಡು ತಾಸಿನೊಳಗೇ ನೆತ್ತಿ ದಾಟಿರುತ್ತದೆ, ಆದ್ದರಿಂದ ಪೇಟೆಯ ದೀಪಗಳಿರುವಾಗಲೇ ಶುರು ಮಾಡಬೇಕು. ಪರೀಕ್ಷೆಯೂ ಮುಗಿದಿರುತ್ತದೆ. ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಬರುತ್ತೇವೆ ಎಂದಿದ್ದಾರೆ. ಅವರಿಗೆ ಮೊದಲು ಬರಿಗಣ್ಣಿನಲ್ಲಿ ಹುಬ್ಬೆ, ಉತ್ತರೆ, ಚಿತ್ತೆ ಗುರುತು ಹಿಡಿಯುವುದನ್ನು ಕಲಿಸಿ, ಆಮೇಲೆ ಕ್ಯಾಮೆರಾ ಕೈಗೆ ಕೊಡುತ್ತೇನೆ.